ಸಿಗರೇಟಿಗೆ ನೂರೆಂಟು ಹೆಸರು

ಸಿಗರೇಟನ್ನು ಸಿಗರೇಟು ಎಂದೇ ಕರೆಯುವ ಮನುಷ್ಯರು ನನಗೆ ಸಿಕ್ಕಿದ್ದು ಕಡಿಮೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಯಾರೋ ಒಂದು ಹೇಳಿ, ಇನ್ಯಾರೋ ಇನ್ನೊಂದು ತಿಳಿದುಕೊಂಡು, ನಡುವೆ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಕೂರುವ ಪ್ರಸಂಗ ಬರುತ್ತಲೇ ಇರುತ್ತದೆ.

ನನ್ನ ಕೆಲಸ ತಂಬಾಕು ಬಿಡಿಸುವುದು. ಮನೆ ರೋಣದಲ್ಲಿ. ವಾರದಲ್ಲಿ ಎರಡು ದಿನ ನರಗುಂದ, ಎರಡು ದಿನ ಗಜೇಂದ್ರಗಡ, ಉಳಿದ ದಿನ ಸುತ್ತಲಿನ ಹಳ್ಳಿ. ಹೆಗಲಿಗೊಂದು ಚೀಲ, ಚೀಲದಲ್ಲಿ ಕಪ್ಪು ಪುಪ್ಪುಸದ ಚಿತ್ರ, ಒಂದಿಷ್ಟು ಫಾರ್ಮು. ಜನ ನನ್ನನ್ನು ‘ಬಿಡಸೋ ಅಕ್ಕಾರ’ ಎನ್ನುತ್ತಾರೆ. ನಾನು ಬಸ್ ಸ್ಟ್ಯಾಂಡಿಗೆ ಬಂದರೆ ಪಾನ್ ಅಂಗಡಿ ಮುಂದೆ ನಿಂತವರ ಕೈಗಳೆಲ್ಲ ಬೆನ್ನ ಹಿಂದೆ ಹೋಗುತ್ತವೆ. ಹೊಗೆ ಮಾತ್ರ ಬೆನ್ನ ಹಿಂದಿನಿಂದ ಮೇಲೆದ್ದು ಬರುತ್ತದೆ.

ಮೊದಮೊದಲು ಜನ ಸಿಗರೇಟಿಗೆ ಏನೇನು ಅನ್ನುತ್ತಾರೋ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಕೇಳುವ ಪ್ರಶ್ನೆ ಅವರಿಗೆ ತಿಳಿಯಲಿ ಅಂತ. ಆಮೇಲೆ ಅದೇ ಒಂದು ಹುಚ್ಚಾಯಿತು. ಬೇರೆ ದೇಶ ನೋಡಿ ಬಂದವರು ಯಾರು ಸಿಕ್ಕರೂ ನನ್ನ ಮೊದಲ ಪ್ರಶ್ನೆ, ‘ಅಲ್ಲಿ ಸಿಗರೇಟಿಗೆ ಏನಂತಾರ್ರಿ?’

ಎಲಿ, ಸುಣ್ಣ, ಧೂಮ

ನಮ್ಮ ಫಾರ್ಮಿನ ಮೊದಲ ಪ್ರಶ್ನೆಯೇ ‘ಧೂಮಪಾನ ಮಾಡುತ್ತೀರಾ?’ ಎಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಅದನ್ನು ಹಿಡಿದುಕೊಂಡು ಚಿಕ್ಕನರಗುಂದಕ್ಕೆ ಹೋದೆ. ಬೇವಿನ ಗಿಡದ ಕೆಳಗೆ ಅರವತ್ತರ ಸುಮಾರಿನ ಒಬ್ಬರು ಕೂತಿದ್ದರು. ಹೊಲದ ಕೂಲಿ ಮುಗಿಸಿ ಬಂದವರು. ಬಲಗಿವಿಯ ಮೇಲೆ ಒಂದು ಬೀಡಿ.

‘ಯಜಮಾನ್ರ, ಧೂಮಪಾನ ಮಾಡ್ತೀರೇನ್ರಿ?’

‘ಪಾನ್ ತಿಂತೀನ್ರಿ ಅಕ್ಕಾರ. ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ? ಊಟಾದ ಮ್ಯಾಲ ಒಂದ.’

‘ಪಾನ್ ಅಲ್ರಿ. ಧೂಮಪಾನ.’

‘ಅದ ರೀ, ತಿಳೀತು. ನಂದು ಸಾದಾ. ಎಲಿ, ಸುಣ್ಣ, ಅಡಕಿ. ಧೂಮಾ ಗೀಮಾ ಹಾಕಿಸ್ಕೊಂಡು ತಿನ್ನಾಕ ನಾವೇನು ಸಾವ್ಕಾರ್ರೇನ್ರಿ?’

ನಾನು ಅವರ ಕಿವಿಯತ್ತ ಬೆರಳು ತೋರಿಸಿದೆ. ‘ಮತ್ತ ಅದೇನ್ರಿ?’

ಅವರು ಬೀಡಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ‘ಇದಾ? ಇದು ಬೀಡಿ. ಬೀಡಿ ಅಂತ ಕೇಳಿದ್ರ ಆಗಳೇ ಹೇಳ್ತಿದ್ನಲ್ರಿ. ದಿನಕ್ಕ ಎರಡು ಕಟ್ಟ ಹೋಗತೈತಿ.’

ಎರಡು ಕಟ್ಟು ಎಂದು ಬರೆದುಕೊಂಡು, ಇದು ಎದೆಗೆ ಏನು ಮಾಡುತ್ತದೆ, ರಕ್ತಕ್ಕೆ ಏನು ಮಾಡುತ್ತದೆ ಎಂದು ಕಾಲು ಗಂಟೆ ಹೇಳಿದೆ. ಅವರು ನಡುನಡುವೆ ‘ಹೌದ್ರಿ, ಖರೇ ರೀ’ ಎನ್ನುತ್ತ ಲಕ್ಷ್ಯಗೊಟ್ಟು ಕೇಳಿದರು. ನಾನು ಎದ್ದು ನಿಂತಾಗ ಬಹಳ ವಿನಯದಿಂದ ಕೇಳಿದರು:

‘ಹಂಗಾದ್ರ ಅಕ್ಕಾರ, ಬೀಡಿ ಬಿಟ್ಟು ನೀವ ಹೇಳಿದ ಆ ಧೂಮದ ಪಾನ್ ಚಾಲೂ ಮಾಡಿದ್ರ ಆರಾಮಾಕೈತೇನ್ರಿ?’

ಪೆಟಗಿ ಮೊಳಿ

ಧೂಮಪಾನದ ಗತಿ ಹೀಗಾದ ಮೇಲೆ, ಜನಕ್ಕೆ ಸ್ವಲ್ಪ ಹೆದರಿಕೆ ಹಾಕಬೇಕೆಂದು ಹೊರಟೆ. ಅಮೆರಿಕದಲ್ಲಿ ಹಳೆಯ ಕಾಲದಿಂದ ಸಿಗರೇಟಿಗೆ ‘ಶವಪೆಟ್ಟಿಗೆಯ ಮೊಳೆ’ ಎನ್ನುತ್ತಾರೆಂದು ಓದಿದ್ದೆ. ಒಂದೊಂದು ಸೇದಿದಂತೆ ನಿನ್ನ ಪೆಟ್ಟಿಗೆಗೆ ನೀನೇ ಒಂದೊಂದು ಮೊಳೆ ಹೊಡೆದುಕೊಂಡಂತೆ ಎಂದು ಅರ್ಥ. ಜರ್ಮನಿಯವರೂ ಇದೇ ಮಾತು ಆಡುತ್ತಾರಂತೆ. ಎರಡು ದೇಶ ಹೆದರಿದ ಮಾತಿಗೆ ನಮ್ಮ ಶಿರೋಳ ಹಳ್ಳಿ ಹೆದರದೇ ಇರುತ್ತದೆಯೇ ಎಂದು ಅಲ್ಲಿಯ ಗುಡಿ ಕಟ್ಟೆಯ ಮೇಲೆ ಕೂತ ಹತ್ತು ಹನ್ನೆರಡು ಮಂದಿಗೆ ನಿಧಾನವಾಗಿ ಬಿಡಿಸಿ ಹೇಳಿದೆ.

ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹಿರಿಯ ಬಡಿಗೇರರು ಕೈಯಲ್ಲಿದ್ದ ಸಿಗರೇಟನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟರು. ನನಗೆ ಒಳಗೊಳಗೇ ಹಿಗ್ಗಾಯಿತು.

‘ಅಕ್ಕಾರ, ಆ ಪೆಟಗಿ ಹೆಣಾ ಇಡೂ ಪೆಟಗಿ ಏನ್ರಿ?’

‘ಹೌದ್ರಿ.’

‘ನಾ ಐವತ್ತು ವರ್ಷ ಬಡಗತನ ಮಾಡೀನಿ. ಬಾಗಲಾ ಮಾಡೀನಿ, ತೊಟ್ಟಲಾ ಮಾಡೀನಿ, ನೊಗಾ, ಕುಂಟಿ, ಬಂಡಿ ಎಲ್ಲಾ ಮಾಡೀನಿ. ಹೆಣದ ಪೆಟಗಿ ಮಾಡಿಕೊಡು ಅಂತ ಈ ಊರಾಗ ಒಬ್ಬಾವನೂ ಬಂದಿಲ್ಲ. ನಮ್ಮಲ್ಲಿ ಹೂಳತಾರ, ಇಲ್ಲಾ ಸುಡತಾರ.’

‘ಖರೇ ರೀ.’

‘ಪೆಟಗೀನ ಇಲ್ಲಂದ ಮ್ಯಾಲ ಮೊಳಿ ಎಲ್ಲಿ ಬಡೀತಾರ್ರಿ?’ ಎಂದು ಅವರು ಕಲ್ಲಿನ ಮೇಲಿಂದ ಸಿಗರೇಟು ಎತ್ತಿಕೊಂಡರು. ‘ಅದು ಅಮೇರಿಕಾದವ್ರ ತ್ರಾಸ ಬಿಡ್ರಿ.’

ದಮ್ಮು

ನರಗುಂದದಲ್ಲಿ ನಾನು ವಾರಕ್ಕೊಮ್ಮೆ ಕೂರುತ್ತಿದ್ದ ಒಂದು ಸಣ್ಣ ದವಾಖಾನೆಗೆ ಮೈಸೂರು ಕಡೆಯ ಒಬ್ಬ ತರುಣ ಡಾಕ್ಟರು ಬಂದಿದ್ದರು. ಸಂಭಾವಿತರು, ರೋಗಿಯ ಜೊತೆ ರೋಗಿಯ ಮಾತಿನಲ್ಲೇ ಮಾತಾಡಬೇಕು ಎನ್ನುವ ಆಸೆ. ಅವರ ಕಾಲೇಜಿನಲ್ಲಿ ಹುಡುಗರು ಸಿಗರೇಟು ಸೇದುವುದಕ್ಕೆ ‘ದಮ್ಮು ಹೊಡೆಯೋದು’ ಎನ್ನುತ್ತಿದ್ದರಂತೆ. ನಮ್ಮ ಕಡೆ ದಮ್ಮು ಎಂದರೆ ಉಬ್ಬಸ, ಉಸಿರು ಕಟ್ಟುವ ರೋಗ. ಅದು ಅವರಿಗೆ ಗೊತ್ತಿರಲಿಲ್ಲ.

ಕೆಮ್ಮುತ್ತ ಬಂದ ಒಬ್ಬ ಅಜ್ಜಿಯನ್ನು ಕೇಳಿದರು, ‘ಅಜ್ಜಿ, ದಮ್ಮು ಇದೆಯಾ?’

‘ಐತಿ ನನ್ನಪ್ಪಾ. ಥಂಡಿ ದಿನದಾಗ ಭಾಳ. ಗುಡ್ಡಾ ಏರಿದ್ರಂತೂ ಕೇಳೂದ ಬ್ಯಾಡ.’

‘ಗುಡ್ಡ ಹತ್ತುವಾಗಲೂನಾ?’ ಡಾಕ್ಟರು ಪೆನ್ನು ಕೆಳಗಿಟ್ಟರು. ‘ಈ ವಯಸ್ಸಲ್ಲಿ ಇದೆಲ್ಲ ಒಳ್ಳೇದಲ್ಲ ಅಜ್ಜಿ. ಇವತ್ತೇ ಬಿಟ್ಟುಬಿಡಿ.’

‘ನಾ ಬಿಟ್ಟ ಮೂವತ್ತು ವರ್ಷ ಆತೋ ಯಪ್ಪಾ. ಅದು ನನ್ನ ಬಿಡಬೇಕಲ್ಲ!’

ಅಜ್ಜಿ ಹೋದ ಮೇಲೆ ನಾನು ಡಾಕ್ಟರಿಗೆ ತಿಳಿಸಿ ಹೇಳಿದೆ. ದಮ್ ಎಂದರೆ ಪಾರಸಿಯಲ್ಲಿ ಉಸಿರು. ಉರ್ದು, ಮರಾಠಿ ಹಾಯ್ದು ನಮ್ಮಲ್ಲಿಗೆ ಬರುವಷ್ಟರಲ್ಲಿ ಹೊಗೆ ಎಳೆಯುವುದಕ್ಕೂ ಅದೇ ಹೆಸರು, ಉಸಿರು ಸಿಗದೆ ಒದ್ದಾಡುವುದಕ್ಕೂ ಅದೇ ಹೆಸರು ಆಯಿತು. ‘ಮೊದಲನೇದು ಮಾಡಿದವರಿಗೆ ಎರಡನೇದು ಬರುತ್ತೆ, ಸರಿಯಾಗೇ ಇದೆ’ ಎಂದು ಅವರು ನಕ್ಕರು. ಇನ್ನು ಮುಂದೆ ದಮ್ಮು ಎಂದರೆ ರೋಗ ಮಾತ್ರ ಎಂದು ಗಟ್ಟಿ ಮಾಡಿಕೊಂಡರು. ‘ಐತೇನ್ರಿ’ ಎನ್ನುವುದನ್ನೂ ನನ್ನಿಂದಲೇ ಕಲಿತರು.

ಮರುವಾರ ಒಬ್ಬ ಲಾರಿ ಡ್ರೈವರು ಬಂದ. ಬೆಂಗಳೂರು, ಮಂಗಳೂರು ಎಲ್ಲ ತಿರುಗಿದವನು. ಡಾಕ್ಟರು ಎದೆಗೆ ಕೊಳವೆ ಹಚ್ಚಿ, ಕಲಿತ ಪಾಠ ನೆನಪಿಸಿಕೊಂಡು, ಸ್ಪಷ್ಟವಾಗಿ ಕೇಳಿದರು: ‘ದಮ್ಮು ಐತೇನ್ರಿ?’

ಡ್ರೈವರು ಮೂಲೆಯಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದ. ಮುಂದೆ ಬಾಗಿ ಸಣ್ಣ ದನಿಯಲ್ಲಿ ಅಂದ:

‘ಒಂದ ಐತ್ರಿ ಸಾಹೇಬ್ರ. ಅಕ್ಕಾರ ಎದ್ದ ಹೋಗ್ಲಿ, ಇಬ್ರೂ ಅರ್ಧಾ ಅರ್ಧಾ ಹಚ್ಚೋಣು.’

ನೇಕಾರರ ಮನೆಯ ‘ಫ್ಯಾಗ್’

ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವ ಒಬ್ಬರು ನನ್ನ ಹತ್ತಿರ ಹೆಸರು ಬರೆಸಿದ್ದರು. ಐವತ್ತು ದಾಟಿದವರು, ಮೆತ್ತಗಿನ ಮನುಷ್ಯ. ಒಂದು ಸಲ ಅವರ ಸಿಗರೇಟಿನ ಕಿಡಿ ಬಿದ್ದು ಮಗ್ಗದ ಮೇಲಿದ್ದ ಮದುವೆ ಸೀರೆಗೆ ಕಡಲೆಕಾಳಿನಷ್ಟು ತೂತಾಗಿತ್ತು. ಹದಿನೈದು ದಿನದ ಕೆಲಸ. ಕೊಳ್ಳುವವರು ಆ ಸೀರೆ ಒಲ್ಲೆ ಅಂದರು. ಕೊನೆಗೆ ಅವರ ಹೆಂಡತಿಯೇ ತೂತು ನೆರಿಗೆಯೊಳಗೆ ಹೋಗುವ ಹಾಗೆ ಅದನ್ನು ಉಟ್ಟು ತಿರುಗಬೇಕಾಯಿತು. ಅವತ್ತು ಆಕೆ ಗಂಡನಿಗೆ ಹೇಳಿದ್ದು ಇಷ್ಟೇ: ‘ಇನ್ನೊಂದು ತೂತ ಬಿದ್ದ ದಿನ ಮಗ್ಗಕ್ಕ ನಾ ಕುಂದರ್ತೀನಿ, ನೀವ ಒಲಿ ಮುಂದ ಕುಂದರ್ರಿ.’

ಅವರು ಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದರು. ನನ್ನ ಮುಂದೆ ಮಾತ್ರ ‘ಬಿಟ್ಟಂಗ ರೀ ಅಕ್ಕಾರ, ದಿನಕ್ಕ ಎರಡ ಅಷ್ಟ’ ಎನ್ನುತ್ತಿದ್ದರು.

ಆ ಹೊತ್ತಿಗೆ ಸೀರೆಯ ದಡಿಗಳ, ಅಂದರೆ ಅಂಚುಗಳ, ಬಗ್ಗೆ ಅಭ್ಯಾಸ ಮಾಡಲು ಲಂಡನ್ನಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಓಣಿಯಲ್ಲಿ ಇಂಗ್ಲಿಷು ಬರುವವರು ಸಿಗಲಿಲ್ಲವೆಂದು ನನ್ನನ್ನು ನಡುವೆ ಕೂರಿಸಿದರು. ನೇಕಾರರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು, ಹೆಂಡತಿ ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದಳು, ಲಂಡನ್ನಿನವಳು ಕೇಳಿದ್ದನ್ನು ನಾನು ಕನ್ನಡ ಮಾಡುತ್ತಿದ್ದೆ. ಮೂರು ದಿನ ಎಲ್ಲ ಸುಸೂತ್ರ.

ನಾಲ್ಕನೆಯ ದಿನ ಆ ಹುಡುಗಿ ನೇಕಾರರ ಹೆಂಡತಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಪ್ರೀತಿಯಿಂದ ಹೇಳಿದಳು: ‘ನಿಮ್ಮ ಯಜಮಾನರು ಬಹಳ ದೊಡ್ಡ ಮನಸ್ಸಿನವರು. ನಿನ್ನೆ ಹಿತ್ತಲಲ್ಲಿ ತಮ್ಮ ಹತ್ತಿರ ಉಳಿದಿದ್ದ ಒಂದೇ ಒಂದು ಫ್ಯಾಗನ್ನು ನನಗೇ ಕೊಟ್ಟುಬಿಟ್ಟರು.’

ಅವಳ ದೇಶದಲ್ಲಿ ಸಿಗರೇಟಿಗೆ ಆಡುಮಾತಿನಲ್ಲಿ ಫ್ಯಾಗ್ ಎನ್ನುತ್ತಾರೆ. ಇಂಗ್ಲಿಷು ಬಾರದಿದ್ದರೂ, ಹಿತ್ತಲಲ್ಲಿ ಅವಳ ಬಾಯಿಂದ ಆ ಶಬ್ದ ಕೇಳಿದ್ದ ನೇಕಾರರಿಗೆ ವಿಷಯ ತಿಳಿಯಿತು. ಓಡುತ್ತಿದ್ದ ಲಾಳಿ ನಿಂತಿತು.

‘ಏನಂದ್ಲರಿ?’ ಹೆಂಡತಿ ನನ್ನನ್ನು ಕೇಳಿದಳು. ‘ಇವರ ಕಡೆ ಕೈ ಮಾಡಿದ್ಲು. ಫ್ಯಾಗ ಅಂದ್ರ ಏನ್ರಿ? ಇವರು ಅಕೀಗೆ ಏನ ಕೊಟ್ಟಾರು?’

ನನಗೆ ಪೇಚಾಯಿತು. ರೋಗಿಯ ಗುಟ್ಟು ಬಿಟ್ಟುಕೊಡುವಂತಿಲ್ಲ. ಆಕೆಯ ಮುಂದೆ ಸುಳ್ಳು ಹೇಳುವುದಕ್ಕೂ ಮನಸ್ಸಿಲ್ಲ. ಪುಣ್ಯಕ್ಕೆ ಆ ಶಬ್ದದ ಮೂಲ ನನಗೆ ಗೊತ್ತಿತ್ತು.

‘ಅದು ನೇಕಾರಿಕಿ ಮಾತ ರೀ’ ಎಂದೆ. ‘ಅರಿವಿ ನೇಯ್ದು ಮುಗಿದ ಮ್ಯಾಲ ಕಡೀಕ ಒರಟು ತುದಿ ಉಳಿತೈತಲ್ಲ, ಅದಕ್ಕ ಅವರ ದೇಶದಾಗ ಹಿಂದಕ ಫ್ಯಾಗ್ ಅಂತಿದ್ರು.’

ಇದರಲ್ಲಿ ಸುಳ್ಳು ಒಂದಿಷ್ಟೂ ಇಲ್ಲ. ಅರಿವೆಯ ತುದಿಯ ಹೆಸರು ಆಮೇಲೆ ಸೇದಿ ಉಳಿದ ಸಿಗರೇಟಿನ ಮೋಟಿಗೆ ಹೋಗಿ, ಮೋಟಿನಿಂದ ಇಡೀ ಸಿಗರೇಟಿಗೆ ಬಂತು ಎನ್ನುವ ಉಳಿದರ್ಧವನ್ನು ಮಾತ್ರ ನಾನು ನುಂಗಿಕೊಂಡೆ.

ಆಕೆ ಮತ್ತೆ ನೂಲು ಸುತ್ತತೊಡಗಿದಳು. ಲಾಳಿಯೂ ಓಡತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಆಕೆ ತಲೆ ಎತ್ತದೆ ಅಂದಳು, ‘ನಾನೂ ನೋಡೀನಿ ಬಿಡ್ರಿ. ಕುಣಿ ಕಸಾ ಹೊಡಿಬೇಕಾದ್ರ ದಿನಾ ಎರಡು ಮೂರು ಸಿಗತಾವು. ಹತ್ತೀದೂ ಅಲ್ಲ, ರೇಷ್ಮಿದೂ ಅಲ್ಲ. ಯಾವ ನೂಲಿರಬೇಕಂತ ನಾನೂ ವಿಚಾರ ಮಾಡಾಕತ್ತಿದ್ದೆ.’

ಮರುವಾರ ನೇಕಾರರು ತಾವಾಗಿಯೇ ಬಂದು ನನ್ನ ಮುಂದೆ ಕೂತರು. ‘ಅಕ್ಕಾರ, ಈ ಸಲ ಖರೇನ ಬಿಡಸ್ರಿ.’

‘ಯಾಕ್ರಿ, ಮನ್ಯಾಗ ಬೈದ್ರೇನು?’

‘ಬೈದಿದ್ರ ಬೇಷಿತ್ತು. ಬಂದ ಬಂದ ಗಿರಾಕಿ ಮುಂದ ಕೇಳ್ತಾಳ್ರಿ, ಸೀರಿ ಹೆಂಗೂ ಇರ್ಲಿ, ಇವತ್ತ ಫ್ಯಾಗ್ ಎಷ್ಟ ನೇಯ್ದ್ರಿ ಅಂತ.’

ಮೂರು ತಿಂಗಳಲ್ಲಿ ಅವರು ಖರೇನೇ ಬಿಟ್ಟರು.

ಹಡಗಿನಿಂದ ಬಂದ ಪಿತ್ತ

ಲಕ್ಕಲಕಟ್ಟಿಯ ಒಬ್ಬರು ಸರಕು ಹಡಗಿನಲ್ಲಿ ಅಡುಗೆ ಮಾಡುತ್ತ ಅರ್ಧ ಜಗತ್ತು ನೋಡಿ, ಈಗ ಊರಿಗೆ ಬಂದು ನಿಂತಿದ್ದಾರೆ. ನನ್ನ ಹುಚ್ಚಿಗೆ ಅವರು ನಿಧಿ ಸಿಕ್ಕಂತೆ ಸಿಕ್ಕರು. ಜರ್ಮನಿಯವರು ‘ಕಿಪ್ಪೆ’ ಅಂತಾರೆ, ತುದಿ ಎಂದು ಅರ್ಥ. ಅರ್ಜೆಂಟೀನಾದವರು ‘ಪುಚೊ’ ಅಂತಾರೆ, ಅಲ್ಲಿಯ ಗುಡ್ಡದ ಜನರ ಮಾತಿನಲ್ಲಿ ಉಳಿದದ್ದು, ಮಿಕ್ಕದ್ದು ಎಂದು ಅರ್ಥ. ದಕ್ಷಿಣ ಆಫ್ರಿಕಾದವರ ಹೆಸರಿಗೂ ಸಣ್ಣ ತುದಿ ಎಂದೇ ಅರ್ಥವಂತೆ. ‘ನೋಡ್ರಿ ಅಕ್ಕಾರ, ಎಲ್ಲಾ ದೇಶದಾಗೂ ಮೊದಲು ಮೋಟಿಗೇ ಹೆಸರಿಟ್ಟಾರ. ಅಂದ್ರ ಎಲ್ಲಾ ಕಡೆ ಮಂದಿ ಇನ್ನೊಬ್ಬರು ಒಗದಿದ್ದನ್ನ ಆರಿಸಿ ಸೇದಿದವ್ರ’ ಎಂದು ಅವರ ವಾದ. ಸ್ಪೇನಿನವರು ಮಾತ್ರ ‘ಪಿತೀಯೊ’ ಎನ್ನುತ್ತಾರೆ. ಸಣ್ಣ ಪೀಪಿ ಎಂದು ಅರ್ಥ.

ಈ ಕೊನೆಯ ಶಬ್ದವೇ ಅವರಿಗೆ ಮುಳುವಾಯಿತು. ಹಡಗು ಇಳಿದ ದಿನ, ಇನ್ನು ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಕೊಟ್ಟ ಮಾತು ಎರಡು ವಾರ ನಡೆಯಿತು. ಆಮೇಲೆ ಹಡಗಿನ ಹಳೆಯ ಗೆಳೆಯನೊಬ್ಬನಿಗೆ ಫೋನಿನಲ್ಲಿ, ಮನೆಯಲ್ಲಿ ತಿಳಿಯದಿರಲೆಂದು, ‘ಗಜೇಂದ್ರಗಡದಿಂದ ಬರುವಾಗ ಪಿತೀಯೊ ತಗೊಂಡ ಬಾ’ ಅಂದರು.

ಹೆಂಡತಿ ಅಡುಗೆಮನೆಯಿಂದ ಕೇಳಿದಳು, ‘ಏನ್ರಿ ಅದು ಪಿತ್ತ ಪಿತ್ತ ಅನ್ನಾಕತ್ತೀರಿ?’

ಅರ್ಧ ಜಗತ್ತು ನೋಡಿದವರಾದರೂ ಆ ಕ್ಷಣಕ್ಕೆ ಅವರ ತಲೆ ಓಡಲಿಲ್ಲ. ‘ಹೂಂ, ಸ್ವಲ್ಪ ಪಿತ್ತ ಆಗೇತಿ’ ಅಂದುಬಿಟ್ಟರು.

ಮರುದಿನ ಮುಂಜಾನೆ ಚಹಾದ ಬದಲು ಅಮೃತಬಳ್ಳಿ ಕಷಾಯ ಬಂತು. ಮಿರ್ಚಿ ಭಜಿ ನಿಂತಿತು. ಕೆಂಪು ಖಾರ ನಿಂತಿತು. ಪಿತ್ತಕ್ಕೆ ಒಳ್ಳೆಯದೆಂದು ಅತ್ತೆಯ ಮನೆಯಿಂದ ಇನ್ನೊಂದು ಬೇರು ಬಂತು, ಅದು ಅಮೃತಬಳ್ಳಿಗಿಂತ ಕಹಿ. ಅವರು ಫೋನಿನಲ್ಲಿ ಪಿತೀಯೊ ಅಂದಾಗಲೆಲ್ಲ ಆಕೆ ಪಿತ್ತ ಇಳಿದಿಲ್ಲವೆಂದು ಕಷಾಯ ಹೆಚ್ಚು ಮಾಡುತ್ತಿದ್ದಳು.

ಐದು ತಿಂಗಳ ಮೇಲೆ ನನ್ನ ಮುಂದೆ ಬಂದು ಕೂತಾಗ ಅವರ ಮುಖ ಸೋತುಹೋಗಿತ್ತು.

‘ಅಕ್ಕಾರ, ಹೆಂಗರ ಮಾಡಿ ಬಿಡಸ್ರಿ.’

‘ಬಿಡಸ್ತೀನ್ರಿ. ಸಿಗರೇಟ ಬಿಡೂದು ನೀವ ತಿಳಕೊಂಡಷ್ಟು ಕಠಿಣ ಅಲ್ಲ.’

‘ಅದು ಆಮ್ಯಾಲ ನೋಡೂಣ್ರಿ’ ಅಂದರು. ‘ಮೊದಲ ಕಷಾಯ ಬಿಡಸ್ರಿ.’

ಎರಡನ್ನೂ ಬಿಡಿಸಲು ಒಂದೇ ದಾರಿ ಇತ್ತು, ಹೆಂಡತಿಗೆ ಖರೇ ಹೇಳುವುದು. ಹೇಳಿದರು. ಆಕೆ ಸಿಟ್ಟಾಗಲಿಲ್ಲವಂತೆ. ಸಿಗರೇಟು ಬಿಟ್ಟವರ ಮೈ ಶುದ್ಧ ಆಗಬೇಕೆಂದು ಇನ್ನೊಂದು ತಿಂಗಳು ಕಷಾಯ ಮುಂದುವರಿಸಿದಳಂತೆ.

ಆಸ್ಟ್ರೇಲಿಯಾದ ಜಮಖಾನೆ

ನಮ್ಮ ಓಣಿಯ ಒಬ್ಬ ನರ್ಸ್ ಆಸ್ಟ್ರೇಲಿಯಾದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಾಳೆ. ಹೋದ ಹೊಸದರಲ್ಲಿ ಫೋನು ಮಾಡಿದಾಗ ಹೇಳಿದಳು: ‘ಮಾವಶಿ, ಇಲ್ಲೊಬ್ರು ಅಜ್ಜಾರ ಅದಾರ. ಅವರಿಗೆ ಎಷ್ಟು ಹೊಚ್ಚಿದ್ರೂ ಥಂಡಿ ಹೋಗವಲ್ದು.’

ದಿನಾ ಸಂಜೆ ಗಾಲಿ ಕುರ್ಚಿಯಲ್ಲಿ ಅಂಗಳಕ್ಕೆ ಕರೆದುಕೊಂಡು ಹೋದ ಕೂಡಲೇ ಆ ಅಜ್ಜ ಅವಳ ಕೈ ಹಿಡಿದು ‘ಡರಿ, ಡರಿ’ ಎಂದು ಕೇಳುತ್ತಿದ್ದನಂತೆ. ಹಿಂದಿಯಲ್ಲಿ ದರಿ ಅಂದರೆ ಜಮಖಾನೆ ಎಂದು ಇವಳಿಗೆ ಗೊತ್ತು. ಇಂಗ್ಲಿಷಿನವರೂ ಆ ಶಬ್ದ ಒಯ್ದಿದ್ದಾರೆ ಎಂದೂ ಓದಿದ್ದಳು. ಒಳಗೆ ಹೋಗಿ ಒಂದು ದಪ್ಪ ಹಾಸು ತಂದು ಕಾಲ ಮೇಲೆ ಹೊಚ್ಚಿದಳು. ಅಜ್ಜ ತಲೆ ಅಲ್ಲಾಡಿಸಿ ಮತ್ತೆ ‘ಡರಿ’ ಅಂದ. ಇವಳು ಇನ್ನೊಂದು ತಂದಳು.

‘ಮೂರು ಹೊಚ್ಚೀನಿ ಮಾವಶಿ. ಅಜ್ಜಾರು ಬೆವರಾಕತ್ತಾರ. ಆದ್ರೂ ಡರಿ ಅಂತಾರ.’

ನಾನು ಅಲ್ಲಿಯ ಹೆಸರು ಮೊದಲೇ ಬರೆದಿಟ್ಟಿದ್ದೆ. ‘ಅದು ಸಿಗರೇಟವ್ವಾ’ ಎಂದೆ. ಆ ಹೆಸರು ಎಲ್ಲಿಂದ ಬಂತೆಂದು ಪಕ್ಕಾ ಹೇಳುವವರಿಲ್ಲ. ಅಮೆರಿಕದ ಒಂದು ಊರಿನ ಹೆಸರಿದ್ದ ತಂಬಾಕಿನಿಂದ ಬಂದಿರಬೇಕು ಎನ್ನುತ್ತಾರೆ.

ಮರುದಿನ ಅವಳು ಮೂರೂ ಹಾಸು ತೆಗೆದು, ಅಜ್ಜನ ಮುಂದೆ ಕೂತು, ನಾನು ಹೇಳಿಕೊಟ್ಟ ಹಾಗೆ ಪುಪ್ಪುಸದ ಪಾಠವನ್ನೆಲ್ಲ ಒಪ್ಪಿಸಿದಳಂತೆ. ಸಿಗರೇಟು ಅಂತೂ ಕೊಡುವುದಿಲ್ಲ ಎಂದಳಂತೆ. ಅಜ್ಜ ಕೊನೆಯವರೆಗೂ ಕೇಳಿ, ನಿಟ್ಟುಸಿರು ಬಿಟ್ಟು ಹೇಳಿದ್ದನ್ನು ಅವಳು ನಮ್ಮ ಮಾತಿನಲ್ಲೇ ಹೇಳಿದಳು:

‘ಹಂಗಾದ್ರ ಆ ಮೂರು ಜಮಖಾನೀನ ತಿರುಗಿ ಹೊಚ್ಚವ್ವಾ. ಅವನ್ನ ಹೊಚ್ಚಿದಾಗ ನೀ ಸುಮ್ಮನರ ಇರ್ತಿದ್ದಿ.’

ಸೇದುವ ಹುಡುಗ

ಇದು ನರಗುಂದದಲ್ಲಿ ನನ್ನ ಗೆಳತಿಯ ಮನೆಯಲ್ಲಿ ನಡೆದದ್ದು. ಅವಳ ಮಗಳಿಗೆ ವರ ನೋಡುತ್ತಿದ್ದರು. ಆ ಸಂಬಂಧ ಕೂಡಿಬಂತು, ಲಗ್ನವೂ ಆಯಿತು, ಈಗ ಅವರಿಗೊಂದು ಕೂಸಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ಅರ್ಧ ತಾಸು ಅದು ಕೂಡಿಬರುವ ಲಕ್ಷಣವೇ ಇರಲಿಲ್ಲ.

ಹುಡುಗಿ ಟೀಚರು. ಅವಳದು ಒಂದೇ ಹಟ: ಹುಡುಗನಿಗೆ ಬೀಡಿ ಸಿಗರೇಟು ಇರಬಾರದು. ಅವಳ ಅಜ್ಜ ಅದರಿಂದಲೇ ಹೋದದ್ದನ್ನು ಅವಳು ಹತ್ತಿರದಿಂದ ನೋಡಿದ್ದಳು. ಅದಕ್ಕೇ ಗೆಳತಿ, ‘ನೀ ಕುಂತಿರು, ಮಾರಿ ನೋಡಿದ್ರ ನಿನಗ ತಿಳೀತೈತಿ’ ಎಂದು ನನ್ನನ್ನು ಕರೆಸಿದ್ದಳು.

ಹುಡುಗ ತಾಯಿಯ ಜೊತೆ ಒಳಗೆ ಬಂದ. ಮುಖ ನೋಡುವ ಅಗತ್ಯವೇ ಬೀಳಲಿಲ್ಲ. ಅವನು ಗೋವಾದಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡುವವನು. ಹಿಂದಿನ ವರ್ಷ ಊರಿಗೆ ಬಂದಾಗ ನನ್ನ ಮುಂದೆಯೇ ಕೂತು ಸಿಗರೇಟು ಬಿಟ್ಟಿದ್ದ. ನನ್ನನ್ನು ನೋಡಿದ ಕೂಡಲೇ ಅವನ ಮುಖದ ನೆತ್ತರು ಇಳಿಯಿತು. ನಾನು ಗುರುತಿಲ್ಲದವಳಂತೆ ಗೋಡೆ ನೋಡತೊಡಗಿದೆ. ನನ್ನ ಮುಂದೆ ಹೇಳಿದ್ದು ನನ್ನಿಂದ ಹೊರಗೆ ಹೋಗಬಾರದು, ಅದು ನನ್ನ ಕೆಲಸದ ನೇಮ. ಗೆಳತಿ ಮಾತ್ರ ಕಣ್ಣಲ್ಲೇ ‘ಹೆಂಗ?’ ಎಂದು ಕೇಳುತ್ತಿದ್ದಳು.

ಅವಲಕ್ಕಿ, ಚಹಾ ಆದವು. ಹುಡುಗಿಯ ಸೋದರತ್ತೆ ನೇರ ಮಾತಿನವರು. ಹುಡುಗನ ತಾಯಿಯನ್ನು ಕೇಳಿಯೇ ಬಿಟ್ಟರು.

‘ನಿಮ್ಮ ಹುಡುಗ ಸೇದ್ತಾನೇನ್ರಿ?’

ತಾಯಿಯ ಮುಖ ಅರಳಿತು. ‘ಸೇದ್ತಾನ್ರಿ! ಭಾಳ ಚಲೋ ಸೇದ್ತಾನ. ಎಂಟನೇ ವರ್ಷದಾಗ ಚಾಲೂ ಮಾಡ್ಯಾನ ನೋಡ್ರಿ.’

ಸೋದರತ್ತೆ ಕೈಯಲ್ಲಿದ್ದ ಕಪ್ಪು-ಬಸಿ ಕೆಳಗಿಟ್ಟರು. ‘ಎಂಟನೇ ವರ್ಷದಾಗಾ?’

‘ಹೂಂ ರೀ. ಅವರಪ್ಪ ಬ್ಯಾಡಂದ್ರೂ ಕೇಳ್ತಿರಲಿಲ್ಲ. ಈಗೂ ಗೋವಾದಿಂದ ಬಂದ್ರ ಮುಂಜಾನೆ ಎದ್ದು ಮಾರಿ ಸುದ್ದಾ ತೊಳಿಯಂಗಿಲ್ಲ, ಇಪ್ಪತ್ತು ಸೇದಿ ಮುಗಸ್ತಾನ.’

‘ಇಪ್ಪತ್ತ!’

‘ನಮ್ಮನಿಗೆ ಅಷ್ಟ ಅಲ್ರಿ. ಬಾಜೂ ಮನಿ ಮುದಕೀಗೂ ಇವನ ಸೇದಿ ಕೊಡ್ತಾನ. ಆಕಿ ಭಾಳ ಆಶೀರ್ವಾದ ಮಾಡ್ತಾಳ. ನೋಡ್ರಿ ಬೇಕಾದ್ರ, ಸೇದಿ ಸೇದಿ ಕೈ ಹೆಂಗ ಆಗ್ಯಾವ’ ಎಂದು ಮಗನ ಕೈ ಹಿಡಿದು ತೋರಿಸಿದರು. ಹುಡುಗ ಕೈ ಎಳೆದುಕೊಳ್ಳಲು ನೋಡಿದ. ತಾಯಿ ಬಿಡಲಿಲ್ಲ. ಸೋದರತ್ತೆಯ ಕಡೆ ತಿರುಗಿ ಇನ್ನೂ ಪ್ರೀತಿಯಿಂದ ಕೇಳಿದರು, ‘ನಿಮ್ಮ ಹುಡುಗೀಗೆ ಸೇದಾಕ ಬರತೈತಿಲ್ರಿ? ಬರದಿದ್ರೂ ಚಿಂತಿಲ್ಲ, ನಾ ಕಲಸ್ತೀನಿ. ನಮ್ಮತ್ತಿ ಎಂಬತ್ತು ವರ್ಷದ ತನಕ ಸೇದಿದಾಕಿ.’

ಗೆಳತಿ ನನ್ನ ಕೈ ಹಿಡಿದಳು. ಸೋದರತ್ತೆ ಎದ್ದು ನಿಂತಿದ್ದರು.

ಮೊದಲು ನಕ್ಕವಳು ಹುಡುಗಿ. ಬಾಗಿಲ ಹತ್ತಿರ ನಿಂತಿದ್ದವಳು ಮುಂದೆ ಬಂದು, ಹುಡುಗನ ತಾಯಿಯ ಪಕ್ಕದಲ್ಲೇ ಕೂತು ಕೇಳಿದಳು, ‘ಅತ್ತಿ, ಸೇದಾಕ ಏನ ಬೇಕ್ರಿ? ಹಗ್ಗಾನೋ, ಕಡ್ಡಿಪೆಟ್ಟಿಗಿನೋ?’

‘ಹಗ್ಗ ಬೇಕವ್ವಾ. ಭಾವಿ ನೀರು ಸೇದಾಕ ಕಡ್ಡಿಪೆಟ್ಟಿಗಿ ಯಾಕ ಬೇಕು?’ ಎಂದರು ತಾಯಿ. ‘ನಮ್ಮ ಊರಾಗ ನಳದ ನೀರು ಸವಳು, ಬ್ಯಾಳಿ ಕುದಿಯಂಗಿಲ್ಲ. ಹಿತ್ತಲ ಭಾವಿ ನೀರ ಸಿಹಿ. ಇಪ್ಪತ್ತು ಕೊಡ ಇವನ ಸೇದ್ತಾನ.’

ಸೋದರತ್ತೆ ಧೊಪ್ಪನೆ ಕೂತರು. ಗೆಳತಿ ನನ್ನ ಕೈ ಬಿಟ್ಟಳು. ಎಲ್ಲರೂ ನಗತೊಡಗಿದರು. ಕಡ್ಡಿಪೆಟ್ಟಿಗೆಯ ಮಾತು ಯಾಕೆ ಬಂತೆಂದು ತಿಳಿದ ಮೇಲೆ ತಾಯಿ ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು, ‘ಅಯ್ಯ, ಅಂಥಾದ್ದೆಲ್ಲಾ ನಮ್ಮ ಹುಡುಗಗ ಗೊತ್ತ ಇಲ್ರಿ’ ಎಂದರು.

ಹುಡುಗಿ ನಗು ನಿಲ್ಲಿಸಿ ಹುಡುಗನನ್ನೇ ನೋಡಿದಳು. ‘ನೀವ ಹೇಳ್ರಿ. ಕಡ್ಡಿಪೆಟ್ಟಿಗಿದು?’

ಹುಡುಗ ಒಮ್ಮೆ ನನ್ನ ಕಡೆ ನೋಡಿದ. ನಾನು ಗೋಡೆ ನೋಡುತ್ತಲೇ ಇದ್ದೆ. ಅವನು ಸುಮ್ಮನೆ ‘ಇಲ್ಲ’ ಎನ್ನಬಹುದಿತ್ತು, ಯಾರೂ ಮರಳಿ ಕೇಳುತ್ತಿರಲಿಲ್ಲ. ಆದರೆ ಅವನು ಹಾಗೆ ಮಾಡಲಿಲ್ಲ. ನೆಲ ನೋಡುತ್ತ, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದ, ‘ಬಿಟ್ಟ ಎಂಟು ತಿಂಗಳಾತ್ರಿ. ಇನ್ನ ಹಿಡಿಯಂಗಿಲ್ಲ.’

ಹುಡುಗಿ ‘ಖರೇ ಹೇಳಿದ್ರಿ, ಸಾಕು’ ಎಂದಳು. ಸಂಬಂಧ ನಿಶ್ಚಯವಾದದ್ದು ಆ ಮಾತಿನಲ್ಲೇ.

ಎಲ್ಲರೂ ಮತ್ತೆ ನಕ್ಕರು; ಈ ಸಲ ನಗದೇ ಉಳಿದವರು ಒಬ್ಬರೇ, ಹುಡುಗನ ತಾಯಿ. ಅವರು ಮಗನ ಕೈಯನ್ನು ಇನ್ನೂ ಹಿಡಿದೇ ಇದ್ದರು.

‘ಬಿಟ್ಟಿದ್ದು ಇರಲಿ’ ಎಂದರು. ‘ಹಿಡದದ್ದ ಯಾವಾಗೋ?’